ಪಾಲೀನ್ ಒತ್ತಿದ ಪೆಡಲು

ಎಮಿಲ್ ಹ್ರಿವ್ನಾಕ್ ನಮ್ಮ ಎದುರು ಮನೆಯವನು. ನಲವತ್ತೊಂದು ವರ್ಷದಿಂದ ಅವನ ಅಡುಗೆಮನೆಯ ಕಿಟಕಿ ನನಗೆ ಕಾಣುತ್ತದೆ, ನನ್ನ ಮುಂಬಾಗಿಲ ಮೆಟ್ಟಿಲು ಅವನಿಗೆ ಕಾಣುತ್ತದೆ. ಮೊನಾಂಗಹೀಲಾ ನದಿಯ ದಂಡೆಯಲ್ಲಿದ್ದ, ಕಲ್ಲಿದ್ದಲು ಬೇಯಿಸಿ ಕೋಕ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕ್ರೇನ್ ನಡೆಸಿ ನಿವೃತ್ತನಾದವನು. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಬೀದಿಯಲ್ಲಿ ಯಾರ ಮನೆಯ ಬಾಯ್ಲರ್ ಕೆಟ್ಟರೂ, ಯಾರ ಹುಲ್ಲು ಕತ್ತರಿಸುವ ಯಂತ್ರ ಮುನಿಸಿಕೊಂಡರೂ ಮೊದಲು ಎಮಿಲ್‌ಗೆ ಹೇಳಿಕಳಿಸುವುದು. ಅವನು ಬಂದು, ತಲೆ ಓರೆ ಮಾಡಿ ಸದ್ದು ಕೇಳಿಸಿಕೊಂಡು, "ನೋಡೋಣ" ಅನ್ನುತ್ತಿದ್ದ. ಎಮಿಲ್ ನೋಡೋಣ ಅಂದರೆ ಕೆಲಸ ಆಯಿತು ಅಂತಲೇ.

ಅವನಿಗಿದ್ದದ್ದು ಒಂದೇ ಜಂಬ. ತನ್ನ ಕಾರು ರಿಪೇರಿಗೆ ಅಂತ ಯಾವತ್ತೂ ಪರರ ಕೈಗೆ ಹೋಗಿಲ್ಲ ಅನ್ನುವುದು. ನಮ್ಮೂರಲ್ಲಿ ಬ್ರೇಕ್ ಬೇಗ ಸವೆಯುತ್ತದೆ. ಸಮತಟ್ಟಾದ ನೆಲವೆಲ್ಲ ಕಾರ್ಖಾನೆಯ ಪಾಲಾಗಿ, ಜನ ಗುಡ್ಡಕ್ಕೆ ಕಚ್ಚಿಕೊಂಡು ಮನೆ ಕಟ್ಟಿಕೊಂಡ ಊರು ಇದು. ಅಂಗಡಿಗೆ ಹೋಗಿ ಹಾಲು ತರಬೇಕೆಂದರೂ ಎರಡು ಇಳಿಜಾರು ಇಳಿಯಬೇಕು. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಎಮಿಲ್ ತನ್ನ ಕಾರನ್ನು ಮನೆ ಪಕ್ಕದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಜಾಕಿ ಕೊಟ್ಟು ಎತ್ತಿ, ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಬದಲಾಯಿಸುವುದನ್ನು ನಾನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ನೋಡಿದ್ದೇನೆ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ನನಗೂ ಅಷ್ಟಿಷ್ಟು ತಿಳಿಯುತ್ತದೆ.

ಅವನ ಹೆಂಡತಿ ಪಾಲೀನ್. ಮೂವತ್ತನಾಲ್ಕನೇ ವಯಸ್ಸಿಗೆ ಕಾರು ಕಲಿತವಳು. ಆಗ ಅವಳ ಮಾವ ಇನ್ನೂ ಬದುಕಿದ್ದರು. "ಇವಳ ಕೈಗೆ ಕಾರು ಕೊಡೋದೂ ಒಂದೇ, ಹಸುವಿಗೆ ಕೊಡೋದೂ ಒಂದೇ" ಅಂತ ಊಟದ ಮೇಜಿನಲ್ಲೇ ಹೇಳಿದ್ದರಂತೆ. ಅದಾದ ಮೇಲೆ ನಲವತ್ತು ವರ್ಷ ಪಾಲೀನ್ ಒಂದು ಗೀಚೂ ಇಲ್ಲದೆ ಓಡಿಸಿದಳು. ಪ್ರತಿ ಗುರುವಾರ ಓಲ್ಗಾ ಪೆಟ್ರಿಕ್ ಮತ್ತು ಸ್ಟೆಲ್ಲಾ ಇಬ್ಬರನ್ನೂ ಅವರವರ ಬಾಗಿಲಿನಿಂದ ಹತ್ತಿಸಿಕೊಂಡು ಚರ್ಚಿಗೆ ಹೋಗುವುದು. ಅಲ್ಲಿ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಪಿರೋಗಿ ಮಾಡುತ್ತಾರೆ. ಲಟ್ಟಿಸಿದ ಹಿಟ್ಟಿನಲ್ಲಿ ಆಲೂಗಡ್ಡೆ ಹೂರಣ ಇಟ್ಟು, ಮಡಿಚಿ, ಅಂಚು ಚಿವುಟುವುದು. ಶುಕ್ರವಾರ ಊರಿಗೆಲ್ಲ ಮಾರುವುದು. ಪಾಲೀನ್ ಚಿವುಟಿದ ಅಂಚು ಕುದಿಯುವ ನೀರಿನಲ್ಲಿ ಬಿಟ್ಟುಕೊಂಡದ್ದೇ ಇಲ್ಲ ಅಂತ ಓಲ್ಗಾ ಹೇಳುತ್ತಾಳೆ. ಓಲ್ಗಾ ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ.

ಅದು ಅಕ್ಟೋಬರ್ ತಿಂಗಳ ಒಂದು ಗುರುವಾರ. ಒಂದು ವಾರದಿಂದ ಕಾರು ನಿಲ್ಲಿಸುವಾಗಲೆಲ್ಲ ಕಿರ್ರೆನ್ನುತ್ತಿತ್ತು. ಬೆಳಗ್ಗೆ ಎಮಿಲ್ ಕೆಲಸಕ್ಕೆ ಕೂತ. ಚಕ್ರ ಬಿಚ್ಚಿದ. ಡಿಸ್ಕನ್ನು ಎರಡು ಕಡೆಯಿಂದ ಅಮುಕುವ ಕ್ಯಾಲಿಪರನ್ನು ಕಳಚಿ, ಅದರ ರಬ್ಬರ್ ಕೊಳವೆ ಜಗ್ಗದ ಹಾಗೆ ತಂತಿಯಿಂದ ಮೇಲೆ ಕಟ್ಟಿದ. ಹಳೇ ಪ್ಯಾಡ್ ನನಗೆ ಎತ್ತಿ ತೋರಿಸಿದ. ಬಿಸ್ಕತ್ತಿನಷ್ಟೂ ದಪ್ಪ ಉಳಿದಿರಲಿಲ್ಲ.

"ಇನ್ನೊಂದು ವಾರ ಬಿಟ್ಟಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜೋದು, ರೋಸಲಿ" ಅಂದ.

"ನಿನ್ನ ಹೆಂಡತಿಗೆ ಹೇಳು, ನಿಧಾನ ಇಳಿಸು ಅಂತ."

"ಅವಳಿಗಾ? ಅವಳು ನನಗೇ ಹೇಳ್ತಾಳೆ ನಿಧಾನ ಅಂತ."

ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಹೊರಗೆ ಬಂದಿರುವ ಪಿಸ್ಟನ್ನನ್ನು ಕ್ಲಾಂಪ್ ಹಾಕಿ ಒಳಕ್ಕೆ ಒತ್ತಬೇಕು. ಎಮಿಲ್ ಒತ್ತಿದ. ಪ್ಯಾಡ್ ಕೂರಿಸಿದ. ಬೋಲ್ಟು ಬಿಗಿದ. ಚಕ್ರ ಹಾಕಿದ. ಎರಡೂ ಕಡೆ ಮುಗಿದಾಗ ಹನ್ನೆರಡು ದಾಟಿತ್ತು. ಜಾಕಿ ಇಳಿಸಿ, ಸಾಮಾನು ಒಳಗಿಟ್ಟ.

ಇದಾದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಅದಕ್ಕೆ ಯಾವ ಸಾಮಾನೂ ಬೇಡ. ಕಾರು ಅಲುಗಾಡಿಸುವ ಮೊದಲು ಸೀಟಿನಲ್ಲಿ ಕೂತು ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ಒತ್ತಬೇಕು. ಒಳಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಹೊರಗೆ ಬಂದು ಪ್ಯಾಡನ್ನು ಮುಟ್ಟುವ ತನಕ ಪೆಡಲು ನೆಲಕ್ಕೆ ಹೋಗುತ್ತದೆ. ಬ್ರೇಕ್ ಹಿಡಿಯುವುದಿಲ್ಲ. ನಾಲ್ಕಾರು ಸಲ ಒತ್ತಿದರೆ ಗಟ್ಟಿಯಾಗುತ್ತದೆ, ಆಮೇಲೆ ಚಿಂತೆಯಿಲ್ಲ. ಎಮಿಲ್ ಪ್ರತಿ ಸಲ ಹಾಗೆ ಒತ್ತುವುದನ್ನು ನಾನು ನೋಡಿದ್ದೆ.

ಅವತ್ತು ಕೈ ತೊಳೆಯಲು ಒಳಗೆ ಹೋದವನಿಗೆ ಒಹಾಯೋದಿಂದ ಅವನ ತಮ್ಮನ ಫೋನು ಬಂತು. ತಮ್ಮನ ಮಂಡಿ ಆಪರೇಷನ್ ವಿಷಯ. ಮಾತು ಉದ್ದವಾಯಿತು. ಪಾಲೀನ್ ಕೋಟು ಹಾಕಿಕೊಂಡು, ಲಟ್ಟಣಿಗೆ ಚೀಲಕ್ಕೆ ತುರುಕಿ, ಕೀ ಎತ್ತಿ ತೋರಿಸಿ, 'ಒಯ್ಯಲಾ?' ಅಂತ ಹುಬ್ಬಿನಲ್ಲೇ ಕೇಳಿದಳು. ಎಮಿಲ್ ಫೋನು ಕಿವಿಗಿಟ್ಟುಕೊಂಡೇ 'ಹೋಗು ಹೋಗು' ಅಂತ ಕೈ ಬೀಸಿದ.

ನಾನು ಒಳಗೆ ಸಿಂಕಿನ ಮುಂದೆ ಇದ್ದೆ. ಮೊದಲು ಕಲ್ಲು ಉರುಳಿದ ಸದ್ದು, ಆಮೇಲೆ ಗಾಜು. ಹೊರಗೆ ಬಂದು ನೋಡಿದರೆ ಹ್ರಿವ್ನಾಕರ ಬೂದು ಕಾರು ಹಿಮ್ಮುಖವಾಗಿ ಅವರ ಇಳಿಜಾರು ಇಳಿದು, ರಸ್ತೆ ದಾಟಿ, ನನ್ನ ಮುಂಗಟ್ಟೆಯ ಗೋಡೆಯೊಳಗೆ ನುಗ್ಗಿ ನಿಂತಿತ್ತು. ನನ್ನ ಗಂಡ ನಿಕ್ ಇದ್ದಾಗ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ಅದು. ದೇವರು ದೊಡ್ಡವನು, ರಸ್ತೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ.

ಪಾಲೀನ್ ಸ್ಟೀರಿಂಗ್ ಹಿಡಿದು ಕೂತೇ ಇದ್ದಳು. ಅವಳ ಬಲಗಾಲು ಇನ್ನೂ ಪೆಡಲನ್ನು ಒತ್ತುತ್ತಲೇ ಇತ್ತು, ಹೊಲಿಗೆ ಯಂತ್ರ ತುಳಿಯುವವರ ಹಾಗೆ.

"ಒತ್ತಿದೆ, ರೋಸಲಿ. ನಾನು ಒತ್ತಿದೆ. ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಹೋಗಿಬಿಡ್ತು."

ಎಮಿಲ್ ಓಡಿ ಬಂದ. ಅವಳನ್ನು ಮೆಲ್ಲಗೆ ಇಳಿಸಿ, ಎಂಜಿನ್ ನಿಲ್ಲಿಸಲು ತಾನು ಒಳಗೆ ಕೂತ. ಪೆಡಲ ಮೇಲೆ ಕಾಲಿಟ್ಟ. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವಳು ಒತ್ತಿ ಒತ್ತಿ ಗಟ್ಟಿ ಮಾಡಿದ್ದಳು, ಗೋಡೆಗೆ ಬಡಿದ ಮೇಲೆ. ಆ ಕ್ಷಣಕ್ಕೇ ತನಗೆ ಎಲ್ಲ ಗೊತ್ತಾಯಿತು ಅಂತ ಎಮಿಲ್ ಆಮೇಲೆ ನನಗೆ ಹೇಳಿದ. ಅವನು ಇಳಿಯಲು ತಡಮಾಡಿದ್ದು ನನಗೆ ನೆನಪಿದೆ. ಗಾಬರಿ ಅಂದುಕೊಂಡಿದ್ದೆ.

ಪೊಲೀಸಿನವನು ಬಂದ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಪಾಲೀನ್ ಅವನಿಗೂ ಅದನ್ನೇ ಹೇಳಿದಳು. ಅವನು ಎಮಿಲ್ ಕಡೆ ತಿರುಗಿದ.

"ಬ್ರೇಕ್ ಸರಿ ಇದೆಯಾ ಸಾರ್?"

"ಇವತ್ತು ಬೆಳಗ್ಗೆ ಹೊಸ ಪ್ಯಾಡ್ ಹಾಕಿದ್ದೀನಿ. ನೀವೇ ಒತ್ತಿ ನೋಡಿ" ಅಂದ ಎಮಿಲ್.

ಅವನು ಒತ್ತಿ ನೋಡಿದ. ಎಷ್ಟು ಸಲ ಒತ್ತಿದರೂ ಗಟ್ಟಿ. ಪಾಲೀನ್‌ಗೂ ಒತ್ತಲು ಹೇಳಿದ. ಅವಳೂ ಒತ್ತಿದಳು. ಕಾಲು ತೆಗೆದು, ಮತ್ತೆ ಇಟ್ಟು, ಮತ್ತೆ ಒತ್ತಿ, ಗಂಡನ ಮುಖ ನೋಡಿದಳು. ಎಮಿಲ್ ಗೋಡೆಯ ಕಲ್ಲುಗಳನ್ನು ನೋಡುತ್ತಿದ್ದ.

ಆಗ ಮಾತಾಡಿದವಳು ನಾನು. ಸಮಾಧಾನ ಮಾಡಬೇಕೆಂದೇ ಆಡಿದ ಮಾತು. "ಪಾಲೀನ್, ಇದು ಆಗೋದೆ ಕಣೇ. ನಾನು ಬಸ್ಸಿನಲ್ಲಿದ್ದಾಗ ಇಬ್ಬರು ಡ್ರೈವರ್‌ಗಳು, ಅನುಭವ ಇದ್ದವರೇ, ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದಿದ್ರು. ಕಾಲು ಜಾರತ್ತೆ. ನಾವೇನು ಇಪ್ಪತ್ತು ವರ್ಷದವರಾ?"

ಪೊಲೀಸಿನವನು ತಲೆಯಾಡಿಸಿ ಬರೆದುಕೊಂಡ. ಪಾಲೀನ್ ಕಾಲಿನ ಕಡೆ ನೋಡಿಕೊಂಡಳು, ತನ್ನ ಕಾಲಲ್ಲವೇನೋ ಅನ್ನುವ ಹಾಗೆ.

ಮಾರನೆಯ ದಿನ ಅಕ್ರೋಟಿನ ಸುರುಳಿ ರೊಟ್ಟಿ ಮಾಡಿಕೊಂಡು ನನ್ನ ಮನೆಗೆ ಬಂದಳು. "ನಿಕ್ ಕಟ್ಟಿದ್ದ ಗೋಡೆ. ನನ್ನನ್ನ ಕ್ಷಮಿಸು" ಅಂದಳು. ನಾನು ಕ್ಷಮಿಸಿದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಓಲ್ಗಾ ಮತ್ತು ಸ್ಟೆಲ್ಲಾರ ಮನೆಗೂ ಹೋಗಿ, ಇನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ, ನನ್ನನ್ನು ನಂಬಬೇಡಿ ಅಂತ ಹೇಳಿ ಬಂದಳು. ಕೀಯನ್ನು ಎಮಿಲ್ ಕೈಗೆ ಕೊಟ್ಟಳು. ಮಗಳು ಮಾರ್ಲೀನ್ ಫೋನಿನಲ್ಲಿ, "ಒಳ್ಳೇದಾಯ್ತಮ್ಮ, ಯಾರಿಗೂ ಏಟಾಗೋ ಮೊದಲು ಬಿಟ್ಟೆ" ಅಂದಳಂತೆ.

ನವೆಂಬರ್‌ನಲ್ಲಿ ಎಮಿಲ್ ನನ್ನ ಗೋಡೆ ಕಟ್ಟಿಕೊಟ್ಟ. ಕೆಲಸದವರನ್ನು ಕರೆಯಲಿಲ್ಲ. ಎಪ್ಪತ್ತಾರು ವಯಸ್ಸಿನ ಮನುಷ್ಯ ಕೊರೆಯುವ ಗಾಳಿಯಲ್ಲಿ ಒಂದೊಂದೇ ಕಲ್ಲು ಹೊತ್ತು ಹಾಕಿದ. ಕಾಫಿಗೆ ಕರೆದರೆ ಬೇಡ ಅನ್ನುತ್ತಿದ್ದ. ಹೆಂಡತಿಯ ತಪ್ಪಿಗೆ ಗಂಡ ಬೆನ್ನು ಬಗ್ಗಿಸುತ್ತಿದ್ದಾನೆ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ, ಅವನ ಎದುರೇ ಅಂದೆ.

"ಪಾಲೀನ್ ಪುಣ್ಯ ಮಾಡಿದ್ಲು, ಎಮಿಲ್. ಬೇರೆ ಗಂಡ ಆಗಿದ್ರೆ ದಿನಾ ಚುಚ್ಚಿ ಚುಚ್ಚಿ ಸಾಯಿಸಿಬಿಡ್ತಿದ್ದ."

ಅವನು ಕರಣೆಯನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಗುರುವಾರ ಗುರುವಾರ ಅವನೇ ಪಾಲೀನ್‌ಳನ್ನು ಚರ್ಚಿಗೆ ಬಿಡತೊಡಗಿದ. ಓಲ್ಗಾ, ಸ್ಟೆಲ್ಲಾ ಹಿಂದಿನ ಸೀಟಿನಲ್ಲಿ. ಪಾಲೀನ್ ಮುಂದೆ, ಚೀಲ ಮಡಿಲಲ್ಲಿ ಇಟ್ಟುಕೊಂಡು. ಅವಳು ಈಗ ಎಲ್ಲದಕ್ಕೂ ಕೇಳುತ್ತಿದ್ದಳು. ಒಲೆ ಆರಿಸಿದೆನಾ? ಬಾಗಿಲು ಹಾಕಿದೆನಾ? ಉಪ್ಪು ಹಾಕಿದ್ದು ನೀನು ನೋಡಿದೆಯಾ? ಹೆಂಗಸರ ನಡುವೆ ಹಿಟ್ಟು ಅಳೆಯುವ ಕೆಲಸ ಅವಳದಾಗಿತ್ತು. ಕ್ರಿಸ್‌ಮಸ್ ಹೊತ್ತಿಗೆ ಅದನ್ನು ಸ್ಟೆಲ್ಲಾಗೆ ಬಿಟ್ಟುಕೊಟ್ಟಳು.

ಇದಕ್ಕೆ ಕಾರಣವಿತ್ತು. ಪಾಲೀನ್‌ಳ ತಾಯಿಗೆ ಕೊನೆಯ ಆರು ವರ್ಷ ಮಗಳ ಹೆಸರು ಗೊತ್ತಿರಲಿಲ್ಲ. ಶುರುವಾದದ್ದು ಇಸ್ತ್ರಿಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿ ಇಟ್ಟದ್ದರಿಂದ. ಆಗ ಮನೆಯವರೆಲ್ಲ ನಕ್ಕಿದ್ದರಂತೆ. ಪಾಲೀನ್ ಕೂಡ ನಕ್ಕಿದ್ದಳಂತೆ. ಈಗ ತನ್ನ ಸರದಿ ಅಂತ ಅವಳು ಯಾರಿಗೂ ಹೇಳಲಿಲ್ಲ. ಆದರೆ ಐವತ್ತು ವರ್ಷ ಜೊತೆಗಿದ್ದ ಗಂಡನಿಗೆ ಹೇಳುವುದೇನಿದೆ? ಅವನಿಗೆ ಕಾಣುತ್ತಿತ್ತು.

ಎಮಿಲ್ ದಿನವೂ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದನಂತೆ. ಮೊದಲ ದಿನ ಪೊಲೀಸಿನವನು ಹೋಗಲಿ ಅಂದುಕೊಂಡ. ಆಮೇಲೆ ರೋಸಲಿಯ ಗೋಡೆ ಮುಗಿಯಲಿ ಅಂದ. ಆಮೇಲೆ ಹಬ್ಬ ಕಳೆಯಲಿ ಅಂದ. ಹೊತ್ತು ಹೋದಷ್ಟೂ, ಪೆಡಲು ಒತ್ತಲು ಮರೆತದ್ದು ಸಣ್ಣದಾಗುತ್ತ ಹೋಯಿತು, ಹೇಳದೆ ಉಳಿದದ್ದು ದೊಡ್ಡದಾಗುತ್ತ ಹೋಯಿತು. ಮರೆವನ್ನು ಒಪ್ಪಿಕೊಳ್ಳಬಹುದಿತ್ತು. ಎರಡನೆಯದನ್ನು ಒಪ್ಪಿಕೊಳ್ಳಲು ಮುಖವಿರಲಿಲ್ಲ. ಕನ್ನಡಿ ನೋಡದೆ ಗಡ್ಡ ಹೆರೆಯುವುದು ರೂಢಿಯಾಯಿತು ಅಂತ ಹೇಳಿದ. ಅವನ ಕೆನ್ನೆಯ ಮೇಲೆ ಆ ಚಳಿಗಾಲವೆಲ್ಲ ಗಾಯವಿದ್ದದ್ದು ನನಗೂ ನೆನಪಿದೆ.

ಮಾರ್ಚ್ ತಿಂಗಳು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಶುಕ್ರವಾರ ಮಾಂಸ ತಿನ್ನದ ಊರೆಲ್ಲ ಪಿರೋಗಿಗೆ ಸಾಲು ನಿಲ್ಲುವ ಸಮಯ. ಒಂದು ಮಧ್ಯಾಹ್ನ ಎಮಿಲ್ ರಬ್ಬರ್ ಬ್ಯಾಂಡ್ ಹುಡುಕಿಕೊಂಡು ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದ. ಬಟ್ಟೆಗಳ ಕೆಳಗೆ ಹಳೆಯ ಲಕೋಟೆಗಳ ಕಟ್ಟು. ಕರೆಂಟಿನವರದ್ದು, ಚರ್ಚಿನವರದ್ದು. ತಿರುಗಿಸಿ ನೋಡಿದರೆ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಬರೆದ ಒಂದು ಗಡಿಯಾರ. ದುಂಡಗೆ, ಹನ್ನೆರಡು ಅಂಕಿ, ಎರಡು ಮುಳ್ಳು. ಎಲ್ಲ ಗಡಿಯಾರದಲ್ಲೂ ಹನ್ನೊಂದು ಗಂಟೆ ಹತ್ತು ನಿಮಿಷ. ಕೆಳಗೆ ಸಣ್ಣದಾಗಿ ತಾರೀಖು. ನವೆಂಬರ್‌ನಿಂದ ಶುರುವಾಗಿ ಹಿಂದಿನ ದಿನದ ತನಕ. ಕೆಲವು ಕಡೆ ಅಂಕಿ ಅಳಿಸಿ ಮತ್ತೆ ಬರೆದಿದ್ದಳು, ಕಾಗದ ಸವೆಯುವಷ್ಟು.

ಅದೇನೆಂದು ಅವನಿಗೆ ಗೊತ್ತಿತ್ತು. ಅತ್ತೆಯನ್ನು ಮರೆವಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವನೂ ಜೊತೆಗಿದ್ದ. ಒಂದು ಗಡಿಯಾರ ಬರೀರಿ, ಹನ್ನೊಂದು ಹತ್ತು ತೋರಿಸಿ ಅಂತ ಡಾಕ್ಟರು ಕೇಳಿದ್ದರು. ಮುದುಕಿ ಅಂಕಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಸೋಮವಾರದ ಮನೆಯಲ್ಲಿ ಪಾಲೀನ್ 'ಡಾ.' ಅಂತ ಬರೆದಿದ್ದಳು. ಯಾವ ಡಾಕ್ಟರು ಅಂತ ಅವನು ಕೇಳಿರಲಿಲ್ಲ.

ಪಾಲೀನ್ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದಳು. ಡ್ರಾಯರ್ ತೆಗೆದಿದೆ, ಲಕೋಟೆಗಳು ಮೇಜಿನ ಮೇಲಿವೆ.

"ಅದನ್ನ ಯಾಕೆ ತೆಗೆದೆ?" ಅಂದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಕೆಂಪಾಗಿತ್ತಂತೆ. ನಾಚಬೇಕಾದವನು ತಾನು, ನಾಚಿಕೊಂಡವಳು ಅವಳು. ಅದನ್ನು ನನಗೆ ಹೇಳುವಾಗ ಎಮಿಲ್ ಅತ್ತ.

"ಪಾಲೀನ್, ಕೂತ್ಕೋ."

"ಬಟ್ಟೆ ಒದ್ದೆ ಇದೆ."

"ಕೂತ್ಕೋ. ಅವತ್ತು ನೀನು ಬ್ರೇಕನ್ನೇ ಒತ್ತಿದ್ದು."

ಅವಳು ಕೂರಲಿಲ್ಲ. ಅವನು ಹೇಳಿದ. ಪಿಸ್ಟನ್ನು, ಪ್ಯಾಡು, ಪೆಡಲು, ತಮ್ಮನ ಫೋನು, ತಾನು ಬೀಸಿದ ಕೈ. ಕಾರಿನೊಳಗೆ ಕೂತ ಕ್ಷಣವೇ ತನಗೆ ತಿಳಿದದ್ದು. ಎಲ್ಲ.

"ನಾನು ಬ್ರೇಕನ್ನೇ ಒತ್ತಿದೆ" ಅಂದಳು ಪಾಲೀನ್.

"ಹೂಂ."

"ಮೂರು ಸಲ ಒತ್ತಿದೆ."

"ಹೂಂ."

"ನನಗೆ ಅಮ್ಮನ ಹಾಗೆ ಆಗ್ತಿದೆ ಅಂತ ನಾನು ಹೆದರಿದ್ದು ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಎಮಿಲ್ ಮೇಜಿನ ಅಂಚು ಹಿಡಿದುಕೊಂಡು, "ಗೊತ್ತಿತ್ತು" ಅಂದ.

ಪಾಲೀನ್ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಹರವಿದಳು. ವಾಪಸು ಬಂದಾಗ ಅವನು ಅಲ್ಲೇ ಇದ್ದ.

"ನಾನು ಯಾರ್ಯಾರ ಮನೆಗೆ ಹೋಗಿ ಕ್ಷಮೆ ಕೇಳಿದೆನೋ ಅಷ್ಟೂ ಜನರ ಹತ್ತಿರ ಹೋಗು" ಅಂದಳು. "ನಾನು ಬರೋದಿಲ್ಲ. ಒಬ್ಬನೇ ಹೋಗು."

ಮೊದಲು ಬಂದದ್ದು ನನ್ನ ಹತ್ತಿರ. ಒಳಗೆ ಬಾ ಅಂದರೆ ಬರಲಿಲ್ಲ. ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು ಹೇಳಿದ. ನಾನು ಅವನ ಹಿಂದೆ ಕಾಣುತ್ತಿದ್ದ ಹೊಸ ಗೋಡೆಯನ್ನೇ ನೋಡುತ್ತಿದ್ದೆ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದ. ನಿಕ್ ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು.

"ನನ್ನ ಹೊಗಳಿಕೆಯನ್ನ ತಿಂದ್ಕೊಂಡು ಕಲ್ಲು ಹೊತ್ತೆಯಲ್ಲ" ಅಂದೆ.

"ತಿಂದೆ" ಅಂದ.

"ನಾಚಿಕೆ ಆಗಲಿಲ್ವಾ?"

"ದಿನಾ ಆಗ್ತಿತ್ತು, ರೋಸಲಿ. ಆದ್ರೆ ಅದರಿಂದ ಅವಳಿಗೇನು ಸಿಕ್ತು?"

ಆಮೇಲೆ ಪೊಲೀಸ್ ಠಾಣೆಗೆ ಹೋದ. ಐದು ತಿಂಗಳ ಹಿಂದಿನ ಮಾತು, ಯಾರಿಗೂ ಗಾಯವಿಲ್ಲ, ಮುಗಿದು ಹೋದದ್ದು. ಅದೇ ಚಿಕ್ಕ ವಯಸ್ಸಿನವನು ಕಾಗದ ಹುಡುಕಿ ತೆಗೆದು, "ಇದನ್ನ ಈಗ ತಿದ್ದೋದು ಬೇಕಾ ಸಾರ್?" ಅಂತ ಕೇಳಿದ. "ನನ್ನ ಹೆಂಡತಿ ತಪ್ಪು ಪೆಡಲು ಒತ್ತಿದಳು ಅಂತ ಅದರಲ್ಲಿ ಬರೆದಿದೆ. ಅದು ಸುಳ್ಳು" ಅಂದ ಎಮಿಲ್. ಅವನು ಬರೆದುಕೊಂಡ. ಎಮಿಲ್ ಸಹಿ ಹಾಕಿದ.

ಗುರುವಾರ ಚರ್ಚಿನ ನೆಲಮಾಳಿಗೆಗೆ ಬಂದ. ನಾನೂ ಇದ್ದೆ, ತಪಸ್ಸುಕಾಲದಲ್ಲಿ ಕೈ ಸಾಲದು ಅಂತ ನನ್ನನ್ನೂ ಆಲೂಗಡ್ಡೆಗೆ ಕೂರಿಸಿದ್ದರು. ಪಾಲೀನ್ ಅವತ್ತು ಬಂದಿರಲಿಲ್ಲ. ಹದಿನಾಲ್ಕು ಹೆಂಗಸರು, ಮೂರು ಉದ್ದದ ಮೇಜು, ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಗಂಡಸರು ಆ ಕಡೆ ಬರುವುದಿದ್ದರೆ ಹಿಟ್ಟಿನ ಮೂಟೆ ಇಳಿಸಲು ಮಾತ್ರ. ಎಮಿಲ್ ಮೆಟ್ಟಿಲ ಕೊನೆಯಲ್ಲಿ ನಿಂತ. ಮಾತು ತಾನಾಗಿ ನಿಂತಿತು. ಅವನು ಹೇಳಿದ. ಎಲ್ಲೂ ತನ್ನನ್ನು ಉಳಿಸಿಕೊಳ್ಳಲಿಲ್ಲ. 'ಗಾಬರಿಯಲ್ಲಿ' ಅನ್ನಲಿಲ್ಲ, 'ವಯಸ್ಸಾಯಿತು' ಅನ್ನಲಿಲ್ಲ.

ಮುಗಿದ ಮೇಲೆ ಓಲ್ಗಾ ಪೆಟ್ರಿಕ್ ಲಟ್ಟಣಿಗೆ ಕೆಳಗಿಟ್ಟಳು.

"ಎಮಿಲ್, ನಿನ್ನ ನಾಲಿಗೇನೂ ಕ್ಲಾಂಪ್ ಹಾಕಿ ಒಳಗೆ ಒತ್ತಿದ್ಯಾ?"

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಎಮಿಲ್ ನಗಲಿಲ್ಲ.

"ಅವಳು ನನ್ನ ಮನೆ ಅಡುಗೆಮನೆಯಲ್ಲಿ ಕೂತು ಅತ್ತಳು" ಅಂದಳು ಓಲ್ಗಾ. "ನಾನು ಯಾರನ್ನಾದ್ರೂ ಕೊಂದುಬಿಡ್ತಿದ್ದೆ ಓಲ್ಗಾ ಅಂತ ಅತ್ತಳು. ನೀನು ಹೊರಗೆ ಕಾರಲ್ಲಿ ರೇಡಿಯೋ ಕೇಳ್ತಾ ಕೂತಿದ್ದೆ."

"ಹೌದು" ಅಂದ ಎಮಿಲ್.

"ಹೋಗು ಈಗ. ಹಿಟ್ಟು ಒಣಗುತ್ತೆ."

ಅವನು ಹೋದ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಂಡ. ಅಲ್ಲಿಯ ತನಕ ಅವನು ಕಂಬಿ ಹಿಡಿದು ಹತ್ತುವುದನ್ನು ನಾನು ಕಂಡಿರಲಿಲ್ಲ.

ಆ ಸಂಜೆಯೇ ನಾನು ಪಾಲೀನ್‌ಳನ್ನು ನೋಡಲು ಹೋದೆ. ಅವಳು ಹೊಲಿಗೆ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದಳು. ಅಲ್ಲೇ ಕೂರಿಸಿದಳು. ನಾನು ಎಮಿಲ್‌ನನ್ನು ಬಯ್ಯತೊಡಗಿದೆ. ಒಂದಷ್ಟು ಹೊತ್ತು ಕೇಳಿಸಿಕೊಂಡಳು.

"ರೋಸಲಿ," ಅಂದಳು, "ನೀನು ಇಪ್ಪತ್ತಾರು ವರ್ಷ ಬಸ್ಸು ಓಡಿಸಿದೆ. ಅವತ್ತು ಬೆಳಗ್ಗೆ ಅವನು ಪ್ಯಾಡ್ ಹಾಕೋದನ್ನ ನೀನು ಕೂತು ನೋಡಿದೆ. ಪೆಡಲು ಹಿಟ್ಟಿನೊಳಗೆ ಹೋದ ಹಾಗೆ ಹೋಯ್ತು ಅಂತ ಮೊದಲು ನಾನು ಹೇಳಿದ್ದು ನಿನಗೇ. ನೀನು ಅವನನ್ನ ಒಂದು ಮಾತು ಯಾಕೆ ಕೇಳಲಿಲ್ಲ?"

ಎಮಿಲ್ ಕೆಲಸದಲ್ಲಿ ತಪ್ಪಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಎಪ್ಪತ್ತನಾಲ್ಕರ ಹೆಂಗಸಿನ ಕಾಲು ಜಾರಿತು ಅನ್ನುವುದು ಕೈಗೆಟುಕುವ ಮಾತಾಗಿತ್ತು. ನಾನೂ ಒಬ್ಬ ಹೆಂಗಸು, ನಾನೂ ಹೆಚ್ಚುಕಡಿಮೆ ಅವಳ ವಯಸ್ಸಿನವಳು, ಡಿಪೋದಲ್ಲಿ ಗಂಡಸರು ಇಂಥ ಮಾತು ಆಡಿದಾಗ ಜಗಳಕ್ಕೆ ನಿಂತವಳು. ಆದರೂ ನನ್ನ ಬಾಯಿಂದ ಮೊದಲು ಬಂದದ್ದು ಅದೇ. ಪಾಲೀನ್ ಉತ್ತರಕ್ಕೆ ಕಾಯಲಿಲ್ಲ. ಚಹಾ ತಂದುಕೊಟ್ಟಳು. ನಾನು ತಲೆ ತಗ್ಗಿಸಿ ಕುಡಿದು ಬಂದೆ.

ಸೋಮವಾರ ಡಾಕ್ಟರ ಹತ್ತಿರ ಹೋದಳು. ಹೋಗುವ ಅಗತ್ಯವೇ ಇಲ್ಲ ಅಂದ ಎಮಿಲ್‌ಗೆ, "ನಿನ್ನ ಮಾತಿನ ಮೇಲೆ ನಾನು ಸರಿ ಇದ್ದೀನಿ ಅಂತ ನಂಬಬೇಕಾ?" ಅಂತ ಕೇಳಿದಳಂತೆ. ಡಾಕ್ಟರು ಪರೀಕ್ಷೆ ಮಾಡಿ, ಏನೂ ಇಲ್ಲ, ಚೆನ್ನಾಗಿದ್ದೀರಿ ಅಂದರು.

ಮತ್ತೆ ಕಾರು ಹಿಡಿಯಲು ಏಪ್ರಿಲ್ ಬಂತು. ಮೊದಲ ದಿನ ಪಕ್ಕದಲ್ಲಿ ಕೂರಲು ನನ್ನನ್ನು ಕರೆದಳು. ಎಮಿಲ್‌ನನ್ನು ಕರೆಯಲಿಲ್ಲ. ಅವನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ. ಪಾಲೀನ್ ಪೆಡಲು ಒತ್ತಿ ನೋಡಿದಳು, ಹ್ಯಾಂಡ್ ಬ್ರೇಕ್ ಎಳೆದು ನೋಡಿದಳು, ಮತ್ತೆ ಒತ್ತಿದಳು. ಇಳಿಜಾರಿನ ತುದಿಯಲ್ಲಿ ಕಾರು ಹಿಂದಕ್ಕೆ ಹೊರಳಿದಾಗ ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು. ಅರ್ಧ ದಾರಿಯಲ್ಲಿ ನಿಲ್ಲಿಸಿದಳು. ನಿಂತಿತು. ಒಂದಿಷ್ಟು ಇಳಿದು ಮತ್ತೆ ನಿಲ್ಲಿಸಿದಳು. ಹಾಗೆ ಐದು ಸಲ ನಿಲ್ಲಿಸಿ ರಸ್ತೆ ಮುಟ್ಟಿದೆವು. ನದಿಯ ತನಕ ಹೋಗಿ, ಸೇತುವೆಯ ಬುಡದಲ್ಲಿ ತಿರುಗಿಸಿಕೊಂಡು ಬಂದೆವು. ಅವಳ ಬೆವರಿದ ಕೈಯ ಗುರುತು ಸ್ಟೀರಿಂಗ್ ಮೇಲೆ ಮೂಡಿತ್ತು.

ಈಸ್ಟರ್ ಕಳೆದ ಮೇಲೆ ಅವಳ ದಿಂಬು ಹೊಲಿಗೆ ಕೋಣೆಯಿಂದ ವಾಪಸು ಹೋಯಿತು. ಮಾತು ಅಷ್ಟು ಬೇಗ ಮರಳಲಿಲ್ಲ. ಬೇಸಿಗೆಯೆಲ್ಲ ಅವರ ಮನೆಯಲ್ಲಿ ಬೇಕಾದಷ್ಟೇ ಮಾತು. ಎಮಿಲ್ ದೂರಲಿಲ್ಲ. ತಾನು ಐದು ತಿಂಗಳು ಸುಮ್ಮನಿದ್ದೆ, ಅವಳಿಗೂ ಅಷ್ಟು ಹಕ್ಕಿದೆ ಅಂದ ಒಮ್ಮೆ. ಐದು ತಿಂಗಳು ಕಳೆದ ಮೇಲೂ ಅವಳು ಲೆಕ್ಕ ಮುಗಿಸಲಿಲ್ಲ. ಅವನು ಕಾದ.

ಬೀದಿಯ ಜನ ಈಗಲೂ ಬಾಯ್ಲರ್ ಕೆಟ್ಟರೆ ಎಮಿಲ್‌ನನ್ನೇ ಕರೆಯುತ್ತಾರೆ. ಆದರೆ ಅವನು ಕೆಲಸ ಮುಗಿಸಿ, "ಒಂದು ಸಲ ಯಾರಾದ್ರೂ ನೋಡಿ, ನನ್ನ ಕಣ್ಣು ತಪ್ಪಿರಬಹುದು" ಅನ್ನುತ್ತಾನೆ. ಕೆಲವರಿಗೆ ಅದು ವಿನಯದ ಹಾಗೆ ಕೇಳುತ್ತದೆ. ಹೋದ ವಾರ ನನ್ನ ಮನೆಯ ನೀರಿನ ಕೊಳಾಯಿ ಸರಿ ಮಾಡಲು ಬಂದಿದ್ದ. ಪಾಲೀನ್ ಕೂಡ ಜೊತೆಗೆ ಬಂದಿದ್ದಳು. ಅವನು ಸಿಂಕಿನ ಕೆಳಗಿಂದ ತೆವಳಿಕೊಂಡು ಹೊರಗೆ ಬಂದು ಹಾಗೇ ಅಂದಾಗ, ಅವಳು ಕನ್ನಡಕ ಏರಿಸಿಕೊಂಡು, ಮಂಡಿಯೂರಿ, ಟಾರ್ಚ್ ಹಿಡಿದು ಒಳಗೆ ನೋಡಿದಳು. ತುಂಬಾ ಹೊತ್ತು ನೋಡಿದಳು. ಎಮಿಲ್ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

"ಎಡಗಡೆದು ಇನ್ನೂ ತೊಟ್ಟಿಕ್ತಿದೆ" ಅಂದಳು.

ಅವನು ಮತ್ತೆ ಕೆಳಗೆ ಕೂತ.